ಹಳೆಯ ಡರ್ಟ್ ಟ್ರ್ಯಾಕ್ ಕಾರಿನ ಜಾತಕ ಹುಡುಕುವುದು ಹೇಗೆ?

ಪ್ರಶ್ನೆ: ನಾವಿರುವುದು ಪೆನ್ಸಿಲ್ವೇನಿಯಾದ ಹ್ಯಾರಿಸ್‌ಬರ್ಗ್ ಹತ್ತಿರ. ತೀರಿಕೊಂಡ ಹಿರಿಯರೊಬ್ಬರ ಮನೆಯ ಸಾಮಾನು ಹರಾಜಿನಲ್ಲಿ ಮಣ್ಣಿನ ಟ್ರ್ಯಾಕಿನಲ್ಲಿ ಓಡುತ್ತಿದ್ದ ಒಂದು ಹಳೆಯ ರೇಸ್ ಕಾರು ಕೊಂಡೆ. ಮೇಲಿರುವುದು 1937ರ ಷೆವರ್ಲೆ ಕೂಪೆಯ ಬಾಡಿ, ಒಳಗೆ ಚಾಲಕನ ರಕ್ಷಣೆಗೆ ಪೈಪಿನ ಕೇಜ್. ನೀಲಿ ಬಣ್ಣ, ಬಾಗಿಲ ಮೇಲೆ 17 ಎಂಬ ನಂಬರ್. ಬಣ್ಣ ಎದ್ದಿರುವ ಕಡೆ ಕೆಳಗೆ ಕೆಂಪು ಬಣ್ಣ, 8ರಂತೆ ಕಾಣುವ ಇನ್ನೊಂದು ಅಂಕಿ ಇಣುಕುತ್ತಿದೆ. ಕಾರಿನಲ್ಲಿ ಎಂಜಿನ್ ಇಲ್ಲ. ಅದೇ ಶೆಡ್ಡಿನಲ್ಲಿದ್ದ ಷೆವರ್ಲೆ ವಿ8 ಎಂಜಿನ್ ಬ್ಲಾಕ್ ಒಂದನ್ನು ಜೊತೆಗೆ ಕೊಟ್ಟರು. ಇದು ವಿಲಿಯಮ್ಸ್ ಗ್ರೋವ್ ಟ್ರ್ಯಾಕ್‌ನಲ್ಲಿ ಹೆಸರು ಮಾಡಿದ ಒಬ್ಬ ಚಾಲಕನ ಕಾರು ಎಂದು ಹರಾಜಿಗೆ ಬಂದಿದ್ದ ಒಬ್ಬರು ಹೇಳಿದರು. ನಿಜವೋ ಸುಳ್ಳೋ ತಿಳಿಯುವುದು ಹೇಗೆ? ಸ್ಯಾಂಡ್‌ಬ್ಲಾಸ್ಟ್ ಮಾಡಿಸಿ (ಮರಳು ಊದಿ ಹಳೆಯ ಬಣ್ಣ ತೆಗೆಸಿ) ಹೊಸ ಬಣ್ಣ ಹೊಡೆಸಬಹುದೇ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರುಮಾಡೋಣ. ಸ್ಯಾಂಡ್‌ಬ್ಲಾಸ್ಟ್ ಬೇಡ. ಪ್ರೆಷರ್ ವಾಷ್ ಕೂಡ ಈಗಲೇ ಬೇಡ. ರಸ್ತೆಯ ಕಾರಿಗಿರುವಂತೆ ಇದಕ್ಕೆ ಟೈಟಲ್ (ಮಾಲೀಕತ್ವದ ಸರ್ಕಾರಿ ಪತ್ರ) ಇರುವುದಿಲ್ಲ. ಮನೆಯ ಹಿಂದಿನ ಗ್ಯಾರೇಜಿನಲ್ಲಿ ಹುಟ್ಟಿದ ಕಾರಿಗೆ ಕಾರ್ಖಾನೆಯ ದಾಖಲೆಯೂ ಇರುವುದಿಲ್ಲ. ಕೈಯಿಂದ ಕೈಗೆ ಹೋದಾಗ ಹೆಚ್ಚೆಂದರೆ ಒಂದು ಚೀಟಿಯಂಥ ಬಿಲ್ ಆಫ್ ಸೇಲ್. ಹಾಗಾಗಿ ಕಾರಿನ ಮೇಲೆ ಉಳಿದಿರುವ ಬಣ್ಣದ ಪದರ, ವೆಲ್ಡಿಂಗ್ ಗುರುತು, ಬಳಸದೆ ಬಿಟ್ಟ ತೂತು, ಫ್ರೇಮ್ (ಕಾರಿನ ಅಡಿಯ ಚೌಕಟ್ಟು) ಒಳಗೆ ಗಟ್ಟಿಯಾದ ಮಣ್ಣು, ಇವೇ ಅದರ ಕಡತ. ಒಂದು ಗಂಟೆಯ ಸ್ಯಾಂಡ್‌ಬ್ಲಾಸ್ಟ್ ಆ ಕಡತವನ್ನು ಪೂರ್ತಿ ಸುಟ್ಟಂತೆ.

ಇನ್ನು ಹರಾಜಿನಲ್ಲಿ ಕೇಳಿದ ಮಾತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಹಾಗೆ ಆಗಬಾರದು. ಮಧ್ಯ ಪೆನ್ಸಿಲ್ವೇನಿಯಾದ ಪ್ರತಿ ಶೆಡ್ಡಿನಲ್ಲಿ ಸಿಕ್ಕ ಕೂಪೆಯೂ ಯಾರೋ ಚಾಂಪಿಯನ್‌ನದೇ ಆಗಿದ್ದರೆ ಸೋತವರು ಯಾವ ಕಾರು ಓಡಿಸುತ್ತಿದ್ದರು? ಮಾತನ್ನು ತಳ್ಳಿಹಾಕಬೇಡಿ, ಹೇಳಿದವರ ಹೆಸರು ಮತ್ತು ಫೋನ್ ನಂಬರ್ ಬರೆದಿಟ್ಟುಕೊಳ್ಳಿ, ಅವರಿಗೆ ಅದು ಹೇಗೆ ಗೊತ್ತಾಯಿತು ಎಂದು ಕೇಳಿ. ಆದರೆ ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಹುಡುಕಲು ಹೊರಟರೆ ಕಂಡದ್ದೆಲ್ಲ ಅದಕ್ಕೇ ಹೊಂದುವಂತೆ ಕಾಣತೊಡಗುತ್ತದೆ.

ಕಾರು ಅಂದರೆ ಯಾವುದು?

ಹುಡುಕಾಟ ಹಳಿ ತಪ್ಪುವುದು ಸಾಮಾನ್ಯವಾಗಿ ಇಲ್ಲಿ. 1950ರ ದಶಕದಲ್ಲಿ 1930ರ ದಶಕದ ಕೂಪೆಗಳು ಗುಜರಿಯಲ್ಲಿ ಕೆಲವೇ ಡಾಲರಿಗೆ ಸಿಗುತ್ತಿದ್ದವು. ಶನಿವಾರ ರಾತ್ರಿ ಕಾರು ಪಲ್ಟಿ ಹೊಡೆದು ಬಾಡಿ ನುಜ್ಜುಗುಜ್ಜಾದರೆ ಮುಂದಿನ ವಾರದೊಳಗೆ ಗುಜರಿಯಿಂದ ಇನ್ನೊಂದು ಬಾಡಿ ತಂದು ಅದೇ ಫ್ರೇಮಿಗೆ ಕೂರಿಸುತ್ತಿದ್ದರು. ಎಂಜಿನ್ ಬೇರೆ ಕಡೆಯಿಂದ ಬರುತ್ತಿತ್ತು, ಒಳ್ಳೆಯ ಬೆಲೆ ಬಂದರೆ ಬೇರೆಯಾಗಿಯೇ ಹೋಗುತ್ತಿತ್ತು. ನಂಬರ್ ಅಂತೂ ಕಾರಿನದಲ್ಲ, ಮಾಲೀಕನದು. ಹಳೆಯ ಕಾರು ಮಾರಿ ಹೊಸದು ಕಟ್ಟಿದಾಗ ಅದೇ ಬಣ್ಣ, ಅದೇ ನಂಬರ್ ಹೊಸದರ ಮೇಲೆ ಏರುತ್ತಿತ್ತು. ಹಳೆಯದನ್ನು ಕೊಂಡವನು ತನ್ನ ಬಣ್ಣ, ತನ್ನ ನಂಬರ್ ಬಳಿಯುತ್ತಿದ್ದ. ಬೇರೆ ಟ್ರ್ಯಾಕ್‌ಗೆ ಹೋದಾಗ ಅಲ್ಲಿ ಆ ನಂಬರ್ ಆಗಲೇ ಇದ್ದರೆ ಪಕ್ಕಕ್ಕೆ ಒಂದು ಅಕ್ಷರ ಸೇರಿಸುವುದೋ, ಟೇಪಿನಿಂದ ಅಂಕಿ ಬದಲಿಸುವುದೋ ಮಾಡುತ್ತಿದ್ದರು.

ಆದ್ದರಿಂದ 17 ನಂಬರಿನ ನೀಲಿ ಕಾರಿನ ಹಳೆಯ ಫೋಟೊ ಸಿಕ್ಕರೂ ಅದು ನಿಮ್ಮ ಕಾರೇ ಎಂದು ಸಾಬೀತಾಗುವುದಿಲ್ಲ. ಒಬ್ಬ ಮಾಲೀಕನ ಹತ್ತು ವರ್ಷದ ಓಟದಲ್ಲಿ ನೀಲಿ 17 ಎಂಬ ಮೂರು ನಾಲ್ಕು ಬೇರೆ ಬೇರೆ ಕಾರುಗಳು ಬಂದು ಹೋಗಿರಬಹುದು. ಬಾಗಿಲನ್ನು ಬಿಟ್ಟು ಫ್ರೇಮನ್ನೂ ಅದಕ್ಕೆ ಬೆಸೆದ ಕೇಜನ್ನೂ ಹಿಡಿಯಿರಿ. ಒಂದು ಕಾರಿನಲ್ಲಿ ಅತಿ ಕಡಿಮೆ ಬದಲಾಗುವುದು ಅವೇ. ಮುಂದೆ ಹೇಳುವುದೆಲ್ಲ ಇದರ ಸುತ್ತಲೇ.

ಕೈ ಹಾಕುವ ಮೊದಲು

ಮೊದಲ ದಿನ ಕ್ಯಾಮೆರಾ ಮಾತ್ರ. ನಾಲ್ಕೂ ಬದಿಯಿಂದ ಚಿತ್ರ ತೆಗೆಯುವಾಗ ಕ್ಯಾಮೆರಾ ಚಕ್ರದ ಹಬ್ಬಿನ ಎತ್ತರದಲ್ಲಿರಲಿ, ಕಾರಿನಿಂದ 25 ಅಡಿಯಷ್ಟು ದೂರವಿರಲಿ, ಜೂಮ್ ಮಾಡಿ ತೆಗೆಯಿರಿ. ಹತ್ತಿರ ನಿಂತು ಫೋನಿನ ಅಗಲ ಲೆನ್ಸಿನಲ್ಲಿ ತೆಗೆದ ಚಿತ್ರ ಕಾರನ್ನು ಉಬ್ಬಿಸಿ ತೋರಿಸುತ್ತದೆ. ಆಮೇಲೆ ಹಳೆಯ ಫೋಟೊ ಜೊತೆ ಹೋಲಿಸಲು ಅದು ಕೆಲಸಕ್ಕೆ ಬಾರದು. ಫ್ರೇಮಿನ ಉದ್ದಕ್ಕೂ ಒಂದು ಅಳತೆಪಟ್ಟಿ ಇಟ್ಟು ಪ್ರತಿ ಅಡಿಗೊಂದರಂತೆ ಚಿತ್ರ ತೆಗೆಯಿರಿ. ಪ್ರತಿ ವೆಲ್ಡ್, ಪ್ರತಿ ತೂತು, ಕತ್ತರಿಸಿ ಬಿಟ್ಟ ಪ್ರತಿ ಬ್ರ್ಯಾಕೆಟ್ಟಿನ ಬುಡ ಬರಬೇಕು.

ಫ್ರೇಮಿನ ಒಳಗೆ, ಕ್ರಾಸ್‌ಮೆಂಬರ್ (ಫ್ರೇಮಿನ ಅಡ್ಡಪಟ್ಟಿ) ಮೂಲೆಗಳಲ್ಲಿ ಗಟ್ಟಿಯಾದ ಮಣ್ಣಿದ್ದರೆ ಮರದ ಚಮಚದಿಂದ ಕೆರೆದು, ಎಲ್ಲಿಂದ ತೆಗೆದದ್ದೆಂದು ಬರೆದು, ಚೀಲದಲ್ಲಿಡಿ. ಮಣ್ಣಿನ ಬಣ್ಣದಿಂದ ಟ್ರ್ಯಾಕ್ ಗುರುತಿಸುತ್ತೇವೆ ಎನ್ನುವವರ ಮಾತಿಗೆ ಹೆಚ್ಚು ಬೆಲೆ ಕೊಡಬೇಕಿಲ್ಲ, ಟ್ರ್ಯಾಕ್‌ಗಳಿಗೆ ಹೊರಗಿನಿಂದ ಜೇಡಿಮಣ್ಣು ತಂದು ಹಾಕುತ್ತಿದ್ದರು. ಆದರೆ ಆ ಮಣ್ಣಿನೊಳಗೆ ಬಣ್ಣದ ಚಕ್ಕೆಗಳು ಸಿಗುತ್ತವೆ. ಬಾಡಿಯ ಮೇಲೆ ಎಲ್ಲೂ ಉಳಿಯದ ಹಳದಿಯೋ ಬಿಳಿಯೋ ಅಲ್ಲಿ ಸಿಕ್ಕರೆ ಅದು ಹಿಂದೊಮ್ಮೆ ಆ ಫ್ರೇಮಿನ ಮೇಲಿದ್ದ ಬೇರೆ ಬಾಡಿಯ ಸುಳಿವು ಆಗಿರಬಹುದು.

ಫ್ರೇಮ್ ಯಾರದು?

ಮೇಲೆ ಷೆವರ್ಲೆ ಬಾಡಿ ಇದೆ ಎಂದರೆ ಕೆಳಗೂ ಷೆವರ್ಲೆ ಇರಬೇಕೆಂದಿಲ್ಲ. ವ್ಹೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) ಅಳೆದು ತೀರ್ಮಾನಿಸುವವರಿದ್ದಾರೆ. ಇಲ್ಲಿ ಅದು ನಡೆಯದು. 1937ರ ಷೆವರ್ಲೆಯದು 112¼ ಇಂಚು, 1933ರಿಂದ 1940ರವರೆಗಿನ ಫೋರ್ಡ್‌ನದು 112 ಇಂಚು. ರೇಸಿನಲ್ಲಿ ಸೊಟ್ಟಗಾಗಿ, ನೆಟ್ಟಗಾಗಿ, ಎಡ ಬಲ ಬೇರೆ ಬೇರೆಯಾಗಿ ಹೊಂದಿಸಿದ ಫ್ರೇಮಿನಲ್ಲಿ ಕಾಲು ಇಂಚಿಗೆ ಅರ್ಥವಿಲ್ಲ. (106 ಇಂಚು ಬಂದರೆ 1932ರ ಫೋರ್ಡ್, 115 ಬಂದರೆ 1949ರಿಂದ 1957ರೊಳಗಿನ ಷೆವರ್ಲೆ ಇರಬಹುದೆಂದು ಯೋಚಿಸಬಹುದು.)

ಅದಕ್ಕಿಂತ ಸ್ಪ್ರಿಂಗ್ ನೋಡಿ. ಮುಂದೆ ಒಂದೇ ಎಲೆಸ್ಪ್ರಿಂಗ್ ಕಾರಿಗೆ ಅಡ್ಡಲಾಗಿ ಕೂತಿದ್ದು, ಅದನ್ನು ಹಿಡಿಯುವ ಕ್ರಾಸ್‌ಮೆಂಬರ್ ಕಾರ್ಖಾನೆಯ ರಿವೆಟ್‌ಗಳಿಂದಲೇ ಸೇರಿದ್ದರೆ ಅದು 1948ರವರೆಗಿನ ಫೋರ್ಡ್ ಶೈಲಿ. ನಡುವೆ ಎಕ್ಸ್ ಆಕಾರದ ಅಡ್ಡಪಟ್ಟಿ ಇದ್ದರೆ ಆ ಅನುಮಾನ ಇನ್ನೂ ಬಲವಾಗುತ್ತದೆ. ರಿವೆಟ್ ಬದಲು ವೆಲ್ಡ್ ಕಂಡರೆ ಯಾರೋ ಬೇರೆ ಕಡೆಯ ಕ್ರಾಸ್‌ಮೆಂಬರ್ ತಂದು ಬೆಸೆದಿದ್ದಾರೆ.

ಫೋರ್ಡ್ ಫ್ರೇಮ್ ಆಗಿದ್ದರೆ ನಂಬರ್ ಹುಡುಕಿ. ಎಡ ಫ್ರೇಮ್ ಪಟ್ಟಿಯ ಮೇಲ್ಮೈಯಲ್ಲಿ, ಸ್ಟೀರಿಂಗ್ ಬಾಕ್ಸಿನ ಹತ್ತಿರ ಅದನ್ನು ಗುದ್ದಿರುತ್ತಾರೆ. ಅದೇ ನಂಬರ್ ಬಾಡಿಯ ಅಡಿಗೆ ಸಿಗುವ ಕಡೆಯೂ ಇರುತ್ತದೆ. 85 ಅಶ್ವಶಕ್ತಿಯ ವಿ8 ಕಾರುಗಳಲ್ಲಿ 18, 60 ಅಶ್ವಶಕ್ತಿಯ ಸಣ್ಣ ವಿ8ರಲ್ಲಿ 54 ಎಂದು ಶುರುವಾಗಿ, ಅಡ್ಡಗೆರೆ, ಆಮೇಲೆ ಉಳಿದ ಅಂಕಿಗಳು. ಗ್ರೈಂಡರ್ ಮುಟ್ಟಿಸಬೇಡಿ, ಗುದ್ದಿದ ಗುರುತು ಬಹಳ ತೆಳು. ಪೇಂಟ್ ರಿಮೂವರ್ ಹಚ್ಚಿ, ಹಿತ್ತಾಳೆ ಬ್ರಷ್ಷಿನಿಂದ ಮೃದುವಾಗಿ ಉಜ್ಜಿ, ಒಣಗಿಸಿ, ಟಾರ್ಚನ್ನು ಮೇಲ್ಮೈಗೆ ಮಟ್ಟಸವಾಗಿ ಹಿಡಿದು ನೋಡಿ. ಸ್ಪಷ್ಟವಾಗದಿದ್ದರೆ ಶಾಸನ ಓದುವವರು ಅಚ್ಚು ತೆಗೆಯುವಂತೆ ತೆಳು ಕಾಗದ ಇಟ್ಟು ಮೆತ್ತನೆ ಪೆನ್ಸಿಲ್ಲಿನಿಂದ ಉಜ್ಜಿ ತೆಗೆಯಿರಿ. ಈ ನಂಬರ್ ಹೇಳುವುದು ಫ್ರೇಮ್ ಕಾರ್ಖಾನೆಯಿಂದ ಹೊರಬಿದ್ದ ಕಾಲವನ್ನು ಮಾತ್ರ. ರೇಸ್ ಇತಿಹಾಸದ ಬಗ್ಗೆ ಅದು ಏನೂ ಹೇಳುವುದಿಲ್ಲ. ಆದರೂ ಮುಂದೆ ಯಾರಾದರೂ ಹಳೆಯ ಬಿಲ್ ಆಫ್ ಸೇಲ್ ತಂದು ತೋರಿಸಿದರೆ, ಅದರಲ್ಲಿ ಆ ನಂಬರ್ ಇದ್ದರೆ, ಅದಕ್ಕಿಂತ ಗಟ್ಟಿ ಸಾಕ್ಷಿ ಇನ್ನೊಂದಿಲ್ಲ.

ಕೇಜಿನ ಪೈಪು ಅಳೆಯಿರಿ

ವರ್ನಿಯರ್ ಕ್ಯಾಲಿಪರ್ ಇಟ್ಟುಕೊಂಡು ಕೇಜಿನ ಪ್ರತಿ ತುಂಡಿನ ಹೊರವ್ಯಾಸ ಅಳೆಯಿರಿ. ಆರಂಭದ ರೋಲ್ ಬಾರ್‌ಗಳಿಗೆ ಕೈಗೆ ಸಿಕ್ಕ ನೀರಿನ, ಗ್ಯಾಸಿನ ಪೈಪನ್ನೇ ಬಗ್ಗಿಸಿ ಬೆಸೆಯುತ್ತಿದ್ದರು. ಪೈಪಿನ ಲೆಕ್ಕ ಬೇರೆ, ಟ್ಯೂಬಿನ ಲೆಕ್ಕ ಬೇರೆ. ಒಂದೂವರೆ ಇಂಚಿನ ಪೈಪ್ ಎಂದು ಕರೆಯುವುದರ ಹೊರವ್ಯಾಸ 1.900 ಇಂಚು, ಸಾಮಾನ್ಯ ದರ್ಜೆಯ ದಪ್ಪ 0.145 ಇಂಚು, ಒಂದೂಕಾಲು ಇಂಚಿನದು 1.660 ಇಂಚು. ಟ್ಯೂಬಿನಲ್ಲಿ ಹೇಳುವ ಅಳತೆಯೇ ಹೊರವ್ಯಾಸ: 1.750 ಅಂದರೆ 1.750, ದಪ್ಪ ಹೆಚ್ಚಾಗಿ 0.095 ಅಥವಾ 0.120. ಬಣ್ಣ ಎಷ್ಟೇ ದಪ್ಪವಾಗಿದ್ದರೂ 1.750 ಇಂಚಿನ ಟ್ಯೂಬನ್ನು 1.900 ಮಾಡಲಾರದು, ಆದ್ದರಿಂದ ಇಲ್ಲಿ ಗೊಂದಲವಿಲ್ಲ.

ಪೈಪ್ ಕಂಡ ಮಾತ್ರಕ್ಕೆ ಹಳೆಯದು ಎನ್ನಬೇಡಿ, ಕಾಸು ಉಳಿಸುವವರು ಟ್ಯೂಬ್ ಬಂದ ಮೇಲೂ ಪೈಪನ್ನೇ ಬಳಸಿದರು. ನಿಜವಾಗಿ ಕುತೂಹಲ ಹುಟ್ಟಿಸುವುದು ಕಲಬೆರಕೆ ಕೇಜು. ಚಾಲಕನ ಹಿಂದಿನ ಕಮಾನು ಪೈಪಿನದು, ಮುಂದಿನ ಕಾಲುಗಳು ಟ್ಯೂಬಿನವು, ಬೆಸುಗೆಯ ರೀತಿಯೂ ಬೇರೆ ಎಂದಾದರೆ, ಮೊದಲು ಒಂದೇ ಕಮಾನಿನ ಕಾರಾಗಿದ್ದದ್ದು ನಂತರ ನಿಯಮ ಬಿಗಿಯಾದಾಗ ನಾಲ್ಕು ಕಾಲಿನ ಕೇಜಾಯಿತು. ಅಂದರೆ ಈ ಕಾರು ಕನಿಷ್ಠ ಎರಡು ಕಾಲಘಟ್ಟ ಓಡಿದೆ. ಆಗ ಹಳೆಯ ಫೋಟೊಗಳಲ್ಲಿ ಮುಂದಿನ ಕಾಲುಗಳಿಲ್ಲದ ಕಾರನ್ನೂ ಹುಡುಕಬೇಕು. ಇದು ತಿಳಿಯದೆ "ಕೇಜ್ ಹೊಂದುತ್ತಿಲ್ಲ" ಎಂದು ಸರಿಯಾದ ಫೋಟೊವನ್ನೇ ಪಕ್ಕಕ್ಕಿಡುವುದುಂಟು.

ಬೆಸುಗೆಯೂ ಕಾಲ ಹೇಳುತ್ತದೆ. ಒರಟು ಅಲೆ, ಸುತ್ತ ಸಿಡಿದ ಹನಿ ಇದ್ದರೆ ಕಡ್ಡಿ ವೆಲ್ಡಿಂಗ್. ಅಗಲವಾಗಿ ಚಪ್ಪಟೆಯಾಗಿದ್ದರೆ ಗ್ಯಾಸ್. ಸಣ್ಣ, ಒಂದೇ ಸಮನಾದ ದಾರದಂತಿದ್ದರೆ ತಂತಿ ವೆಲ್ಡಿಂಗ್, ಅಂದರೆ ಬಹುಶಃ ಈಚಿನ ರಿಪೇರಿ. ಕೊನೆಯ ಬಗೆಯವನ್ನು ಚಿತ್ರದಲ್ಲಿ ಬೇರೆ ಬಣ್ಣದಲ್ಲಿ ಗುರುತು ಹಾಕಿಕೊಳ್ಳಿ. ಅವು ಇತಿಹಾಸದ ಸಾಕ್ಷಿಯಲ್ಲ, ಶೆಡ್ಡಿನ ಮಾಲೀಕರ ಕೈಕೆಲಸ ಇರಬಹುದು.

ಎಂಜಿನ್ ಇಲ್ಲದಿದ್ದರೂ ಅದು ಕೂತ ಜಾಗ ಇದೆ. 1937ರಿಂದೀಚಿನ ಫೋರ್ಡ್ ಫ್ಲಾಟ್‌ಹೆಡ್ ವಿ8 (ವಾಲ್ವುಗಳು ಬ್ಲಾಕಿನಲ್ಲೇ ಇರುವ ಹಳೆಯ ಬಗೆಯ ಎಂಜಿನ್) ಮುಂದೆ ವಾಟರ್ ಪಂಪುಗಳ ಮೂಲಕ ಕ್ರಾಸ್‌ಮೆಂಬರ್ ಮೇಲೆ ಕೂರುತ್ತದೆ. 1955ರಲ್ಲಿ 265 ಘನ ಇಂಚಿನ ಷೆವರ್ಲೆ ವಿ8 ಬಂದ ಮೇಲೆ ಫ್ಲಾಟ್‌ಹೆಡ್‌ಗಳನ್ನು ಇಳಿಸಿ ಅದನ್ನು ಏರಿಸಿದರು. ನಿಮ್ಮ ಫ್ರೇಮಿನಲ್ಲಿ ಎರಡು ಜೊತೆ ಮೌಂಟಿನ (ಎಂಜಿನ್ ಕೂರುವ ಹಿಡಿಕೆಯ) ಗುರುತಿದ್ದರೆ, ಒಂದು ಕತ್ತರಿಸಿ ಬಿಟ್ಟದ್ದು, ಇನ್ನೊಂದು ಬಳಕೆಯಲ್ಲಿದ್ದದ್ದು ಎಂದಾದರೆ, ಆ ಬದಲಾವಣೆಯೂ ಇದೇ ಫ್ರೇಮಿನ ಮೇಲೆ ನಡೆದಿದೆ.

ಜೊತೆಗೆ ಬಂದ ಬ್ಲಾಕ್

ಒಂದೇ ಶೆಡ್ಡಿನಲ್ಲಿ ಇದ್ದವು ಎಂಬ ಕಾರಣಕ್ಕೆ ನಂಟು ಕಟ್ಟಬೇಡಿ. ಬ್ಲಾಕಿನ ಹಿಂಬದಿ, ಗೇರ್‌ಬಾಕ್ಸ್ ಸೇರುವ ಫ್ಲಾಂಜಿನ ಮೇಲೆ ಎರಕದ ನಂಬರ್ ಮತ್ತು ಎರಕದ ದಿನಾಂಕ ಇರುತ್ತವೆ. ದಿನಾಂಕದಲ್ಲಿ ಮೊದಲು ತಿಂಗಳಿಗೊಂದು ಇಂಗ್ಲಿಷ್ ಅಕ್ಷರ (ಎ ಅಂದರೆ ಜನವರಿ, ಎಲ್ ಅಂದರೆ ಡಿಸೆಂಬರ್), ಆಮೇಲೆ ತಾರೀಖು, ಕೊನೆಗೆ ವರ್ಷದ ಕೊನೆಯ ಅಂಕಿ. ಸಿ 15 7 ಎಂದಿದ್ದರೆ ಮಾರ್ಚ್ 15, ಆದರೆ 1957ರದೋ 1967ರದೋ ತಿಳಿಯದು. ದಶಕ ಬಿಡಿಸಲು ಎರಕದ ನಂಬರನ್ನು ಪಟ್ಟಿಯಲ್ಲಿ ನೋಡಬೇಕು. ಬರಿಗಣ್ಣಿಗೂ ಕೆಲವು ಗುರುತುಗಳಿವೆ: ಬ್ಲಾಕಿನ ಪಕ್ಕಗಳಲ್ಲಿ ಎಂಜಿನ್ ಮೌಂಟಿನ ಬೋಲ್ಟ್ ತೂತುಗಳೇ ಇಲ್ಲದಿದ್ದರೆ 1955ರಿಂದ 1957ರದು, ಇದ್ದರೆ 1958 ಅಥವಾ ನಂತರದ್ದು. ಹೆಡ್ಡಿನ (ಬ್ಲಾಕಿನ ಮೇಲೆ ಕೂರುವ ಸಿಲಿಂಡರ್ ಮುಚ್ಚಳದ) ತುದಿಗಳಲ್ಲಿ ಬಿಡಿಭಾಗ ಕೂರಿಸುವ ಬೋಲ್ಟ್ ತೂತುಗಳಿದ್ದರೆ ಆ ಹೆಡ್ಡು 1969 ಅಥವಾ ಆಮೇಲಿನದು.

ಈಗ ಇದನ್ನು ಫ್ರೇಮಿನ ಜೊತೆ ಇಟ್ಟು ನೋಡಿ. ಫ್ರೇಮಿನ ಮೌಂಟ್ ಎಂಜಿನ್ನಿನ ಮುಂಭಾಗವನ್ನು ಹಿಡಿಯುವಂಥದ್ದು, ಬ್ಲಾಕ್ ಪಕ್ಕದ ಮೌಂಟಿನದು ಎಂದಾದರೆ ಅಲ್ಲಿಗೆ ನಂಟಿಲ್ಲ ಎನ್ನಲಾಗದು, ಮುಂಭಾಗದ ಪ್ಲೇಟ್ ಹಾಕಿ ನಂತರದ ಬ್ಲಾಕನ್ನೂ ಕೂರಿಸಬಹುದು. ಉಲ್ಟಾ ಆದರೆ, ಅಂದರೆ ಫ್ರೇಮಿನಲ್ಲಿ ಪಕ್ಕದ ಮೌಂಟ್ ಮಾತ್ರ ಇದ್ದು ಬ್ಲಾಕಿನಲ್ಲಿ ಆ ತೂತುಗಳೇ ಇಲ್ಲದಿದ್ದರೆ, ಈ ಬ್ಲಾಕ್ ಈ ಫ್ರೇಮಿನಲ್ಲಿ ಕೊನೆಗೆ ಓಡಿದ್ದಲ್ಲ.

ಹಿಂದಿನ ಆಕ್ಸಲ್ ಕ್ವಿಕ್‌ಚೇಂಜ್ ಬಗೆಯದೇ ನೋಡಿ. ಹಿಂಬದಿಯ ಮುಚ್ಚಳ ತೆಗೆದರೆ ಎರಡು ಗೇರುಗಳು ಕಾಣುತ್ತವೆ, ಅವನ್ನು ಬದಲಿಸಿ ಟ್ರ್ಯಾಕಿಗೆ ತಕ್ಕ ಅನುಪಾತ ಹೊಂದಿಸುತ್ತಿದ್ದರು. ಹ್ಯಾಲಿಬ್ರ್ಯಾಂಡ್ ಎಂಬ ಎರಕದ ಹೆಸರು ಇದ್ದರೆ ಪಕ್ಕದ ಊರಿನ ಹೆಸರನ್ನೂ ಓದಿಕೊಳ್ಳಿ, ಕಲ್ವರ್ ಸಿಟಿ ಎಂದಿದ್ದರೆ ಹಳೆಯ ಎರಕ, ಟೊರೆನ್ಸ್ ಎಂದಿದ್ದರೆ ನಂತರದ್ದು. ಲೋಹ ಮೆಗ್ನೀಸಿಯಮ್ಮೋ ಅಲ್ಯೂಮಿನಿಯಮ್ಮೋ ತಿಳಿಯಲು ಕಾಣದ ಮೂಲೆಯಲ್ಲಿ ಸ್ವಚ್ಛ ಲೋಹದ ಮೇಲೆ ಒಂದು ಹನಿ ವಿನೆಗರ್ ಸಾಕು. ತಕ್ಷಣ ಗುಳ್ಳೆ ಎದ್ದರೆ ಮೆಗ್ನೀಸಿಯಂ. ಅದನ್ನು ಗ್ರೈಂಡ್ ಮಾಡಬೇಡಿ, ಪುಡಿಗೆ ಬೆಂಕಿ ಹತ್ತಿದರೆ ನೀರಿಗೆ ಆರುವುದಿಲ್ಲ. ಇಂಥ ಆಕ್ಸಲ್ ದುಬಾರಿ ಸಾಮಾನು, ಕಾರಿನಿಂದ ಕಾರಿಗೆ ಹೋಗುತ್ತಿತ್ತು. ಒಂದು ಕಾಲದಲ್ಲಿ ಕಾರಿನ ಹಿಂದೆ ಹಣವಿದ್ದ ಮಾಲೀಕನಿದ್ದ ಎನ್ನುವುದಕ್ಕಿಂತ ಹೆಚ್ಚಿನದನ್ನು ಅದರಿಂದ ಹಿಂಡಬೇಡಿ.

ಬಣ್ಣದ ಪದರ

ಕೆಳಗಿನ 8ನ್ನು ಓದಲು ಮೊದಲು ಬಣ್ಣ ತೆಗೆಯಬೇಕಿಲ್ಲ. ಬ್ರಷ್ಷಿನಿಂದ ಬರೆದ ಅಂಕಿಯ ಅಂಚು ಸ್ವಲ್ಪ ಉಬ್ಬಿರುತ್ತದೆ, ಮೇಲೆ ಎರಡು ಕೋಟ್ ಹೊಡೆದರೂ ಆ ಉಬ್ಬು ಉಳಿಯುತ್ತದೆ. ಶೆಡ್ಡನ್ನು ಪೂರ್ತಿ ಕತ್ತಲೆ ಮಾಡಿ, ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ಅಲುಗಾಡದಂತಿಟ್ಟು, ಟಾರ್ಚನ್ನು ಬಾಗಿಲ ತಗಡಿಗೆ ತಾಗಿಸಿದಂತೆ ಹಿಡಿದು, ಎಡ, ಬಲ, ಮೇಲೆ, ಕೆಳಗೆ, ಹೀಗೆ ನಾಲ್ಕು ಚಿತ್ರ ತೆಗೆಯಿರಿ. ನಾಲ್ಕನ್ನೂ ಒಟ್ಟಿಗೆ ಇಟ್ಟರೆ ಅಂಕಿ ಮಾತ್ರವಲ್ಲ, ಕೆಳಗಿನ ಸಣ್ಣ ಅಕ್ಷರಗಳೂ ಬಹಳ ಸಲ ಎದ್ದು ಬರುತ್ತವೆ. ನಿಮಗೆ 8ರಂತೆ ಕಂಡದ್ದು 3ರ ಮೇಲೆ ಬರೆದ 6 ಕೂಡ ಆಗಿರಬಹುದು. ಬಲಬಾಗಿಲು, ಚಾವಣಿ, ಹಿಂಭಾಗ ಮೂರನ್ನೂ ನೋಡದೆ ತೀರ್ಮಾನ ಬೇಡ.

ಆಮೇಲೆ ಪದರ ಎಣಿಸುವುದು. ಅಂಕಿಯಿಂದ ದೂರವಿರುವ ಜಾಗದಲ್ಲಿ ಎರಡು ಇಂಚಿನ ವೃತ್ತದಷ್ಟು ಸಾಕು. 600ರ ವಾಟರ್‌ಪೇಪರಿಗೆ ನೀರು ಹಚ್ಚಿ, ನಡುವಿನಲ್ಲಿ ಹೆಚ್ಚು, ಅಂಚಿನಲ್ಲಿ ಕಡಿಮೆ ಒತ್ತಿ ಸುತ್ತ ಉಜ್ಜುತ್ತ ಬನ್ನಿ. ತಗಡು ಕಾಣುತ್ತಲೇ ನಿಲ್ಲಿಸಿ, 1000, 1500ರ ಕಾಗದದಿಂದ ನುಣುಪು ಮಾಡಿದರೆ ಮರದ ಉಂಗುರಗಳಂತೆ ಪದರಗಳು ಒಂದರ ಸುತ್ತ ಒಂದು ಕಾಣುತ್ತವೆ. ಒಣದಾಗಿ ಉಜ್ಜಬೇಡಿ. ಆ ಕಾಲದ ಬಣ್ಣದಲ್ಲಿ ಸೀಸ ಇರಬಹುದು. ಮಾಸ್ಕ್, ಕೈಗವಸು ಹಾಕಿ, ಕೆಸರನ್ನು ಬಟ್ಟೆಯಿಂದ ಒರೆಸಿ ಚೀಲಕ್ಕೆ ಹಾಕಿ, ಮಕ್ಕಳನ್ನು ದೂರವಿಡಿ.

ಇದೇ ಕೆಲಸವನ್ನು ಐದು ಕಡೆ ಮಾಡಿ: ಬಾಗಿಲು, ಚಾವಣಿ, ಫೈರ್‌ವಾಲ್ (ಎಂಜಿನ್ ಮತ್ತು ಚಾಲಕನ ನಡುವಿನ ತಗಡು), ಕೇಜ್, ಫ್ರೇಮ್. ಬರೆದುಕೊಂಡು ಹೋಲಿಸಿ. ಬಾಗಿಲಲ್ಲಿ ಕೆಂಪು, ನೀಲಿ ಎಂದು ಎರಡೇ ರೇಸಿನ ಪದರ, ಕೇಜಿನಲ್ಲಿ ಬಿಳಿ, ಹಳದಿ, ಕೆಂಪು, ನೀಲಿ ಎಂದು ನಾಲ್ಕು ಇದ್ದರೆ, ಬಾಡಿ ಬಂದದ್ದು ಕೆಂಪಿನ ಕಾಲಕ್ಕೆ, ಅದಕ್ಕೂ ಮೊದಲು ಈ ಫ್ರೇಮಿನ ಮೇಲೆ ಬೇರೆ ಬಾಡಿ ಇತ್ತು. ಆ ಬಿಳಿ ಮತ್ತು ಹಳದಿ ಕಾಲದ ಫೋಟೊಗಳಲ್ಲಿ ನೀವು 1937ರ ಷೆವರ್ಲೆಯನ್ನೇ ಹುಡುಕುತ್ತಿದ್ದರೆ ಎಂದೂ ಸಿಗುವುದಿಲ್ಲ. ಇಡೀ ತಪಾಸಣೆಯಲ್ಲಿ ಅತಿ ಕಡಿಮೆ ಖರ್ಚಿನ, ಅತಿ ಹೆಚ್ಚು ಫಲ ಕೊಡುವ ಹೆಜ್ಜೆ ಇದು. ಹೆಚ್ಚಿನವರು ಮಾಡುವುದಿಲ್ಲ.

ಪ್ರಾಯೋಜಕರ ಅಕ್ಷರಗಳು ಸಿಕ್ಕರೆ ಅವೇ ಕ್ಯಾಲೆಂಡರು. ಫೋನ್ ನಂಬರಿನ ಮೊದಲಲ್ಲಿ ಎರಡು ಇಂಗ್ಲಿಷ್ ಅಕ್ಷರ ಇದ್ದರೆ ಅದು ಎಕ್ಸ್‌ಚೇಂಜ್ ಹೆಸರಿನ ಕಾಲದ್ದು, 1960ರ ದಶಕದಲ್ಲಿ ಆ ಪದ್ಧತಿ ಮರೆಯಾಗುತ್ತ ಹೋಯಿತು. ವಿಳಾಸದಲ್ಲಿ ಐದಂಕಿಯ ಜಿಪ್ ಕೋಡ್ ಇದ್ದರೆ 1963ರ ಜುಲೈ ನಂತರದ್ದು. ಎಸ್ಸೊ ಎಂದಿದ್ದರೆ ಆ ಕಂಪನಿ ಎಕ್ಸಾನ್ ಆಗುವ ಮೊದಲಿನದು, ಅಂದರೆ ಸುಮಾರು 1972ಕ್ಕೆ ಹಿಂದಿನದು. ಬ್ರಷ್ಷಿನ ಗೆರೆ ಇಲ್ಲದೆ ಕತ್ತರಿಸಿ ಅಂಟಿಸಿದ ವಿನೈಲ್ ಅಕ್ಷರವಾಗಿದ್ದರೆ ಬಹಳ ಈಚಿನದು. ಸ್ಥಳೀಯ ಗ್ಯಾರೇಜಿನ ಹೆಸರು ಬಂದರೆ ಊರಿನ ಹಳೆಯ ಪೋಕ್ ಡೈರೆಕ್ಟರಿಗಳಲ್ಲಿ (ಊರಿನ ಜನ, ಅಂಗಡಿಗಳ ವಿಳಾಸ ಪುಸ್ತಕ) ಆ ಗ್ಯಾರೇಜು ಯಾವ ವರ್ಷದಿಂದ ಯಾವ ವರ್ಷದವರೆಗೆ ಇತ್ತು ಎಂದು ನೋಡಬಹುದು. ಅಂಥ ಡೈರೆಕ್ಟರಿಗಳು ಕೌಂಟಿ ಹಿಸ್ಟಾರಿಕಲ್ ಸೊಸೈಟಿಗಳಲ್ಲಿ ಸಿಗುತ್ತವೆ.

ಕೊನೆಯ ಮಾಲೀಕನಿಂದ ಹಿಂದಕ್ಕೆ

ಹೆಸರಾಂತ ಚಾಲಕನಿಂದ ಶುರುಮಾಡಿ ಮುಂದಕ್ಕೆ ಬರುವುದು ತಪ್ಪು ದಾರಿ. ಶೆಡ್ಡಿನ ಹಿರಿಯರಿಂದ ಶುರುಮಾಡಿ ಒಬ್ಬೊಬ್ಬರಾಗಿ ಹಿಂದಕ್ಕೆ ಹೋಗಿ. ಈ ವಾರವೇ ಅವರ ಮನೆಯವರನ್ನು ಕಾಣಿ, ಮನೆ ಖಾಲಿ ಮಾಡುವಾಗ ಮೊದಲು ಕಸಕ್ಕೆ ಹೋಗುವುದು ಶೂ ಡಬ್ಬಿಯ ಕಾಗದಗಳೇ. ಕೇಳಬೇಕಾದ್ದು ಫೋಟೊ ಆಲ್ಬಂ ಮಾತ್ರವಲ್ಲ. ಪಿಟ್ ಪಾಸ್ (ಟ್ರ್ಯಾಕಿನಲ್ಲಿ ಕಾರು ಸಿದ್ಧಪಡಿಸುವ ಜಾಗಕ್ಕೆ ಹೋಗುವ ಚೀಟಿ), ಟ್ರ್ಯಾಕಿನ ಪ್ರೋಗ್ರಾಂ ಪುಸ್ತಕ, ಟ್ರೋಫಿಯ ತಗಡು, ಬಹುಮಾನದ ಚೆಕ್ಕಿನ ಅರ್ಧ, ಕಾರು ಎಳೆಯುತ್ತಿದ್ದ ಟ್ರೇಲರ್. ಟ್ರೇಲರಿನ ನಂಬರ್ ಪ್ಲೇಟಿನಲ್ಲಿರುವ ವರ್ಷ ಆ ಕಾರು ಕೊನೆಗೆ ಯಾವಾಗ ಮನೆಗೆ ಬಂತು ಎಂದು ಸೂಚಿಸಬಹುದು. ಹರಾಜು ನಡೆಸಿದವರ ರಸೀದಿಯನ್ನು ನಿಮ್ಮ ಕಡತದ ಮೊದಲ ಪುಟವಾಗಿಡಿ.

ಹಳೆಯ ಚಾಲಕರು, ಮೆಕ್ಯಾನಿಕ್ಕುಗಳು ಸಿಕ್ಕರೆ ಫೋಟೊ ಮುಂದೆ ಹಿಡಿದು "ಇದು ನಿಮ್ಮ ಕಾರು ತಾನೆ?" ಎಂದು ಕೇಳಬೇಡಿ. ಎಂಬತ್ತು ದಾಟಿದವರು ಪ್ರೀತಿಯಿಂದ ಹೌದು ಎಂದುಬಿಡುತ್ತಾರೆ, ಅದರ ಬೆಲೆ ಸೊನ್ನೆ. ಮೊದಲು ಅವರಿಂದ ಹೇಳಿಸಿ: ಕೇಜನ್ನು ಯಾರು ಬೆಸೆದರು? ಪೆಟ್ರೋಲ್ ಟ್ಯಾಂಕ್ ಎಲ್ಲಿತ್ತು? ಯಾವ ಅಪಘಾತದಲ್ಲಿ ಯಾವ ಮೂಲೆ ಮುರಿಯಿತು? ಬಲ ಮುಂದಿನ ಫ್ರೇಮ್ ತುದಿ ಮುರಿದು ಉಕ್ಕಿನ ಪಟ್ಟಿಯ ತುಂಡು ಹಾಕಿ ಬೆಸೆದೆವು ಎಂದು ತಾವಾಗಿ ಹೇಳಿ, ನಿಮ್ಮ ಫ್ರೇಮಿನಲ್ಲಿ ಅಲ್ಲೇ ಆ ತೇಪೆ ಇದ್ದರೆ, ಹತ್ತು ಫೋಟೊಗಿಂತ ಅದು ಮೇಲು. ಮೆಕ್ಯಾನಿಕ್ಕಿನ ನೆನಪು ಚಾಲಕನದಕ್ಕಿಂತ ಹೆಚ್ಚಾಗಿ ಸರಿಯಿರುತ್ತದೆ. ಚಾಲಕನಿಗೆ ಗೆದ್ದ ರೇಸು ನೆನಪಿರುತ್ತದೆ, ಬೆಸೆದವನಿಗೆ ಬೆಸುಗೆ. ಒಪ್ಪಿಗೆ ಪಡೆದು ಧ್ವನಿ ಮುದ್ರಿಸಿಕೊಳ್ಳಿ.

ಪತ್ರಿಕೆ, ಪ್ರೋಗ್ರಾಂ, ಸಂಗ್ರಹ

ನಿಮ್ಮ ಸುತ್ತಲಿನ ಟ್ರ್ಯಾಕ್‌ಗಳ ಕಾಲಮಾನ ಮೊದಲು ಮನಸ್ಸಿನಲ್ಲಿರಲಿ. ಪೋರ್ಟ್ ರಾಯಲ್ 1938ರಿಂದ, ವಿಲಿಯಮ್ಸ್ ಗ್ರೋವ್ 1939ರಿಂದ, ಸೆಲಿನ್ಸ್‌ಗ್ರೋವ್ 1946ರಿಂದ, ನ್ಯೂ ಆಕ್ಸ್‌ಫರ್ಡ್ ಬಳಿಯ ಲಿಂಕನ್ 1953ರಿಂದ. ಪೂರ್ವಕ್ಕೆ ರೆಡಿಂಗ್ ಫೇರ್‌ಗ್ರೌಂಡ್ಸ್ 1979ರಲ್ಲಿ ಮುಚ್ಚಿತು. ಒಂದು ಮೈಲಿಯ ಲ್ಯಾಂಗ್‌ಹಾರ್ನ್‌ಗೆ 1965ರಲ್ಲಿ ಡಾಂಬರು ಬಿತ್ತು, 1971ರಲ್ಲಿ ಓಟ ನಿಂತಿತು. ಹ್ಯಾರಿಸ್‌ಬರ್ಗ್ ಸುತ್ತಲಿನ ಟ್ರ್ಯಾಕ್‌ಗಳಲ್ಲಿ ಮೇಲ್ದರ್ಜೆಯ ಕೂಪೆಗಳು ಕ್ರಮೇಣ ಸೂಪರ್‌ಮಾಡಿಫೈಡ್‌ಗಳಿಗೆ (ಇನ್ನೂ ಹೆಚ್ಚು ಬದಲಿಸಿದ ಕಾರುಗಳಿಗೆ), ಆಮೇಲೆ ರೇಸಿಗೆಂದೇ ಕಟ್ಟಿದ ಸ್ಪ್ರಿಂಟ್ ಕಾರುಗಳಿಗೆ ಜಾಗ ಬಿಟ್ಟವು. ರೆಡಿಂಗ್ ಕಡೆ ಮಾಡಿಫೈಡ್‌ಗಳು (ರಸ್ತೆಯ ಕಾರಿನ ಬಾಡಿ ಹೊತ್ತ ರೇಸ್ ಕಾರುಗಳು) ಮುಂದುವರಿದು 1970ರ ದಶಕದಲ್ಲಿ ಗ್ರೆಮ್ಲಿನ್, ವೇಗಾ, ಪಿಂಟೊ ಎಂಬ ಸಣ್ಣ ಕಾರುಗಳ ಬಾಡಿ ಹೊತ್ತವು. ಕೆಳದರ್ಜೆಗೆ ಮಾರಾಟವಾದ ಕೂಪೆಗಳು ಇನ್ನೂ ಕೆಲವು ವರ್ಷ ಓಡಿದ್ದುಂಟು. ನಿಮ್ಮ ನೀಲಿ 17 ಆ ಕೊನೆಯ ಕಾಲದ್ದೂ, ಕೆಂಪು 8 ಒಳ್ಳೆಯ ಕಾಲದ್ದೂ ಆಗಿರಬಹುದು.

ಟ್ರ್ಯಾಕಿನ ಪ್ರೋಗ್ರಾಂ ಪುಸ್ತಕದ ಒಳಗೆ ನಂಬರ್, ಚಾಲಕ, ಮಾಲೀಕ, ಊರು ಎಂಬ ಪಟ್ಟಿ ಇರುತ್ತದೆ; ಮಾಲೀಕನ ಹೆಸರು ಸಿಗುವ ಸುಲಭ ಜಾಗ ಅದು. ಸೀಸನ್ ಶುರುವಿನಲ್ಲಿ ಅಚ್ಚಾದ ಪಟ್ಟಿ ಆಗಸ್ಟಿಗೆ ಹಳಸಿರುತ್ತದೆ, ಒಂದೇ ವರ್ಷದ ಎರಡು ಮೂರು ಪ್ರೋಗ್ರಾಂ ನೋಡಿ. ಪತ್ರಿಕೆಯಲ್ಲಿ ಫಲಿತಾಂಶ ಹುಡುಕುವಾಗ ಚಾಲಕನ ಹೆಸರಿನಿಂದ ಮಾತ್ರ ಹುಡುಕಿದರೆ ಅರ್ಧ ತಪ್ಪಿಹೋಗುತ್ತದೆ: ಹೆಸರಿನ ಕಾಗುಣಿತ ವಾರಕ್ಕೊಂದು ರೀತಿ, ಡಿಜಿಟಲ್ ಪ್ರತಿಯ ಅಕ್ಷರ ಓದುವ ಯಂತ್ರ ಇನ್ನಷ್ಟು ಕೆಡಿಸುತ್ತದೆ. ಟ್ರ್ಯಾಕಿನ ಹೆಸರು ಮತ್ತು ಊರಿನ ಹೆಸರು ಸೇರಿಸಿ ಹುಡುಕಿ, ವಾರಾಂತ್ಯದ ನಂತರದ ಸೋಮವಾರದ ಕ್ರೀಡಾ ಪುಟ ಕಣ್ಣಾರೆ ಓದಿ. ನವೆಂಬರಿನಿಂದ ಮಾರ್ಚ್‌ವರೆಗಿನ ವರ್ಗೀಕೃತ ಜಾಹೀರಾತುಗಳನ್ನು ಬಿಡಬೇಡಿ. ರೇಸ್ ಕಾರುಗಳು ಕೈ ಬದಲಿಸುವುದು ಚಳಿಗಾಲದಲ್ಲಿ, "ಟ್ರೇಲರ್ ಸಹಿತ, ಎಂಜಿನ್ ರಹಿತ" ಎಂಬ ಮೂರು ಸಾಲಿನ ಜಾಹೀರಾತು ಎರಡು ಮಾಲೀಕರ ನಡುವಿನ ಕಳೆದುಹೋದ ಕೊಂಡಿ ಆಗಬಹುದು.

ಹ್ಯಾರಿಸ್‌ಬರ್ಗ್‌ನಲ್ಲೇ ಇರುವ ಸ್ಟೇಟ್ ಲೈಬ್ರರಿ ಆಫ್ ಪೆನ್ಸಿಲ್ವೇನಿಯಾದಲ್ಲಿ ರಾಜ್ಯದ ಪತ್ರಿಕೆಗಳ ಮೈಕ್ರೊಫಿಲ್ಮ್ ಇದೆ. ಯಾರ್ಕ್ ಸ್ಪ್ರಿಂಗ್ಸ್‌ನ ಈಸ್ಟರ್ನ್ ಮ್ಯೂಸಿಯಂ ಆಫ್ ಮೋಟರ್ ರೇಸಿಂಗ್ ನಿಮ್ಮ ಭಾಗದ ಕಾರುಗಳಿಗೇ ಮೀಸಲು ಎನ್ನಬಹುದಾದ ಜಾಗ, ಅಲ್ಲಿಗೆ ಮೊದಲು ಹೋಗಿ. ನ್ಯೂಯಾರ್ಕಿನ ವಾಟ್ಕಿನ್ಸ್ ಗ್ಲೆನ್‌ನಲ್ಲಿ ಇಂಟರ್‌ನ್ಯಾಷನಲ್ ಮೋಟರ್ ರೇಸಿಂಗ್ ರಿಸರ್ಚ್ ಸೆಂಟರ್ ಇದೆ. ಕಾರು ರೆಡಿಂಗ್ ಕಡೆಯ ಮಾಡಿಫೈಡ್ ಎಂದು ತೋರಿದರೆ ಅದೇ ರಾಜ್ಯದ ವೀಡ್ಸ್‌ಪೋರ್ಟಿನ ಡರ್ಟ್ ಮಾಡಿಫೈಡ್ ಹಾಲ್ ಆಫ್ ಫೇಮ್, ಸ್ಪ್ರಿಂಟ್ ಕಡೆ ವಾಲಿದರೆ ಅಯೋವಾದ ನಾಕ್ಸ್‌ವಿಲ್‌ನ ಸ್ಪ್ರಿಂಟ್ ಕಾರ್ ಮ್ಯೂಸಿಯಂ. ವಾರಪತ್ರಿಕೆಗಳಲ್ಲಿ 1934ರಲ್ಲಿ ಶುರುವಾದ ನ್ಯಾಷನಲ್ ಸ್ಪೀಡ್ ಸ್ಪೋರ್ಟ್ ನ್ಯೂಸ್, 1963ರಿಂದ ಬಂದ ಏರಿಯಾ ಆಟೊ ರೇಸಿಂಗ್ ನ್ಯೂಸ್ ನಿಮಗೆ ಬೇಕಾದವು. ಪತ್ರ ಬರೆಯುವಾಗ "ಇದು ಯಾರ ಕಾರು" ಎಂದು ಕೇಳದೆ, "ಇಷ್ಟರಿಂದ ಇಷ್ಟು ವರ್ಷ, ಈ ನಂಬರಿನ ಕೆಂಪು ಕೂಪೆಯ ಪಕ್ಕದ ನೋಟದ ಫೋಟೊ ಇದೆಯೇ" ಎಂದು ಕೇಳಿದರೆ ಉತ್ತರ ಬರುವ ಸಂಭವ ಹೆಚ್ಚು.

ಫೋಟೊ ಸಿಕ್ಕ ಮೇಲೆ

ಬಣ್ಣ ನೋಡಬೇಡಿ, ನಂಬರ್ ನೋಡಬೇಡಿ. ಅವೆರಡನ್ನೂ ಮುಚ್ಚಿಕೊಂಡು ಉಳಿದದ್ದನ್ನು ನೋಡಿ: ಕಿಟಕಿ ಕತ್ತರಿಸಿದ ಆಕಾರ, ಕೇಜಿನ ಓರೆಕಾಲು ಎಲ್ಲಿ ಸೇರುತ್ತದೆ, ಪಕ್ಕದ ನರ್ಫ್ ಬಾರ್ (ಡಿಕ್ಕಿ ತಡೆಯುವ ಪೈಪು) ಎಲ್ಲಿ ಬಾಗುತ್ತದೆ, ಬಾನೆಟ್ಟಿನ ತೂತು, ರಿವೆಟ್ ಸಾಲು. ಪೂರ್ತಿ ಪಕ್ಕದಿಂದ ತೆಗೆದ ಫೋಟೊ ಆದರೆ ಅಳೆಯಲೂಬಹುದು. ಮುದ್ರಿತ ಚಿತ್ರದಲ್ಲಿ ಎರಡು ಹಬ್ಬುಗಳ ನಡುವೆ 140 ಮಿಲಿಮೀಟರ್ ಇದೆ ಎನ್ನಿ. ವ್ಹೀಲ್‌ಬೇಸ್ 112 ಇಂಚಾದರೆ ಒಂದು ಮಿಲಿಮೀಟರ್‌ಗೆ 0.8 ಇಂಚು. ಕೇಜಿನ ಹಿಂದಿನ ಕಮಾನು ಹಿಂದಿನ ಹಬ್ಬಿನಿಂದ 35 ಮಿಲಿಮೀಟರ್ ಮುಂದಿದ್ದರೆ ಕಾರಿನಲ್ಲಿ ಅದು 28 ಇಂಚು ಇರಬೇಕು. ಒಂದು ಇಂಚು ಆಚೀಚೆ ಆದರೆ ಒಪ್ಪಬಹುದು, ಐದು ಇಂಚು ಬಂದರೆ ಬೇರೆ ಕಾರು. ಕಾರು ಓರೆಯಾಗಿ ಜಾರುತ್ತಿರುವ ಫೋಟೊದಲ್ಲಿ ಈ ಲೆಕ್ಕ ಹಾಕಬೇಡಿ. ಮಣ್ಣಿನ ಟ್ರ್ಯಾಕಿನ ಅಂದದ ಫೋಟೊಗಳೆಲ್ಲ ಹಾಗೇ ಇರುತ್ತವೆ ಎನ್ನುವುದೇ ತೊಂದರೆ. ಪಿಟ್‌ನಲ್ಲಿ ನಿಂತ, ಯಾರೂ ಕೊಳ್ಳದ ನೀರಸ ಫೋಟೊಗಳನ್ನು ಹುಡುಕಿ.

ಫೋಟೊದ ಹಿಂಬದಿಯ ಮೊಹರು ಫೋಟೊಗ್ರಾಫರ್ ಯಾರೆಂದು ಹೇಳುತ್ತದೆ. ಅವರ ನೆಗೆಟಿವ್‌ಗಳು ಎಲ್ಲಾದರೂ ಉಳಿದಿದ್ದರೆ ಅದೇ ರಾತ್ರಿಯ ಇನ್ನೂ ಹತ್ತು ಚಿತ್ರ ಇರಬಹುದು. ಹಿಂದೆ ಪೆನ್ನಿನಲ್ಲಿ ಬರೆದ ವರ್ಷವನ್ನು ಮಾತ್ರ ಸುಮ್ಮನೆ ನಂಬಬೇಡಿ, ಎಷ್ಟೋ ಸಲ ಅದು ಮೂವತ್ತು ವರ್ಷದ ನಂತರ ಊಹಿಸಿ ಬರೆದದ್ದು.

ನಿಮಗೆ ಫ್ರೇಮಿನ ಮೇಲೆ ಹೊಂದುವ ಎರಡು ವಿಶಿಷ್ಟ ಗುರುತು ಫೋಟೊದಲ್ಲಿ ಸಿಕ್ಕು, ಮಾಲೀಕರ ಸರಪಳಿ ಅದೇ ಕಡೆ ಬೆರಳು ತೋರಿಸಿದರೆ "ಇಂಥವರ ಕಾರು" ಎಂದು ಬರೆಯಬಹುದು. ಸರಪಳಿ ಮಾತ್ರ ಇದ್ದು ಗುರುತು ಇಲ್ಲದಿದ್ದರೆ "ಇಂಥವರದೆಂದು ಹೇಳಲಾಗುವ" ಎನ್ನಿ. ಗುರುತು ಬಾಡಿಯದು ಮಾತ್ರ ಆದರೆ "ಬಾಡಿ ಇಂಥವರ ಕಾರಿನದು" ಎಂದಷ್ಟೇ. ಇನ್ನೊಬ್ಬರ ಬಳಿ ಅದೇ ಹೆಸರಿನ ಕಾರು ಇದೆ ಎಂದು ತಿಳಿದರೆ ಜಗಳಕ್ಕೆ ಹೋಗಬೇಡಿ, ಅವರ ಹತ್ತಿರ ಫ್ರೇಮ್, ನಿಮ್ಮ ಹತ್ತಿರ ಬಾಡಿ ಇದ್ದು ಇಬ್ಬರೂ ನಿಜ ಹೇಳುತ್ತಿರಬಹುದು.

ಇಷ್ಟೆಲ್ಲ ಮುಗಿಯುವವರೆಗೆ ಕಾರನ್ನು ಒಣ ಜಾಗದಲ್ಲಿ, ಫ್ರೇಮಿನ ಕೆಳಗೆ ಸ್ಟ್ಯಾಂಡ್ ಕೊಟ್ಟು, ಮೇಲೆ ಗಾಳಿ ಆಡುವ ಹತ್ತಿಬಟ್ಟೆ ಹೊದಿಸಿ ಇಡಿ. ಪ್ಲಾಸ್ಟಿಕ್ ಹೊದಿಸಿದರೆ ಒಳಗೆ ಬೆವರಿ ಬಣ್ಣ ಏಳುತ್ತದೆ. ಏಳುತ್ತಿರುವ ನೀಲಿ ಚಕ್ಕೆಗಳನ್ನು ಕೀಳಬೇಡಿ. ಕೊನೆಗೆ ಕೆಂಪು 8ರ ಕಾಲಕ್ಕೇ ಮರಳಿಸುವುದೆಂದು ತೀರ್ಮಾನಿಸಿದರೂ, ನೀಲಿ 17 ಇರುವ ಒಂದು ಬಾಗಿಲನ್ನು ಹಾಗೇ ಬಿಚ್ಚಿ ಗೋಡೆಗೆ ತೂಗುಹಾಕಿ, ಗುಜರಿಯಿಂದ ಇನ್ನೊಂದು ಬಾಗಿಲು ತಂದು ಅದಕ್ಕೆ ಬಣ್ಣ ಹೊಡೆಸಿ.